ಯಾರ ಮೌನ, ಯಾರ ಹಸಿವು?



ಕಳೆದ ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ನಮ್ಮ ಬಳಗದ ಒಬ್ಬ ತಂಗಿ ಒಂದು ಪ್ರಶ್ನೆ ಕೇಳಿದಳು. ಅವಳಿಗೆ ಹೊರದೇಶದ ಹಣದಿಂದ ನಡೆಯುವ ಒಂದು ನೆರವು ಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ. ಸೇರುವ ಮುಂಚೆಯೇ ಒಂದು ಮಾತು ಹೇಳಿದ್ದಾರಂತೆ: ಊರಿನ ಜಗಳ ಊರಿನವರಿಗೆ ಬಿಡಬೇಕು, ನಮ್ಮ ಕೆಲಸ ಸಾಮಾನು ತಲುಪಿಸುವುದಷ್ಟೇ. “ಅಣ್ಣಾ, ಕಣ್ಣೆದುರಿಗೆ ಅನ್ಯಾಯ ಕಂಡರೂ ಬಾಯಿ ಮುಚ್ಚಿಕೊಂಡು ಅಕ್ಕಿ ಹಂಚಿದರೆ ಅದು ಸಮ್ಮಾ ವಾಚಾ ಆಗುತ್ತದಾ? ಮಾತಾಡಿ, ಅದರಿಂದ ಅಕ್ಕಿಯೇ ನಿಂತುಹೋದರೆ ಆ ಹಸಿವಿಗೆ ಯಾರು ಹೊಣೆ?” ಎಂದಳು.

ಅಲ್ಲೇ ಉತ್ತರ ಕೊಡಲು ನನಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಆಮೇಲೆ ಹೇಳುತ್ತೇನೆ. ಇದೇ ಪ್ರಶ್ನೆ ದೊಡ್ಡ ದೊಡ್ಡ ಸಂಸ್ಥೆಗಳ ಮುಂದೆ ನಿಂತ ಒಂದು ಕಾಲವಿದೆ. ಮೊದಲು ಅದನ್ನು ನೋಡೋಣ.

1984. ಇಥಿಯೋಪಿಯಾದ ಉತ್ತರ ಭಾಗದಲ್ಲಿ ಘೋರ ಕ್ಷಾಮ. ಅಕ್ಟೋಬರಿನಲ್ಲಿ ಕೊರೆಮ್ ಎಂಬ ಊರಿನ ದೃಶ್ಯಗಳನ್ನು ಬಿಬಿಸಿ ತೋರಿಸಿದ ಮೇಲೆ ಜಗತ್ತೇ ಬೆಚ್ಚಿತು. ಮರುವರ್ಷ ಜುಲೈ 13ರಂದು ಲೈವ್ ಏಡ್ ಎಂಬ ಸಂಗೀತ ಕಾರ್ಯಕ್ರಮ ನಡೆದು ಹಣ ಹರಿದು ಬಂತು. ಪಶ್ಚಿಮ ದೇಶಗಳ ಹತ್ತಾರು ದತ್ತಿ ಸಂಸ್ಥೆಗಳು ಅಲ್ಲಿ ಬೀಡುಬಿಟ್ಟವು. ಸತ್ತವರು 4 ಲಕ್ಷ ಎನ್ನುವವರೂ ಇದ್ದಾರೆ, 10 ಲಕ್ಷ ಎನ್ನುವವರೂ ಇದ್ದಾರೆ.

ಆದರೆ ಮಳೆ ಬಾರದಿದ್ದದ್ದೊಂದೇ ಕಾರಣವಲ್ಲ. ಮೆಂಗಿಸ್ತು ಹೈಲೆ ಮರಿಯಂನ ಸೈನಿಕ ಸರ್ಕಾರ ಉತ್ತರದ ಬಂಡುಕೋರರ ವಿರುದ್ಧ ಯುದ್ಧ ನಡೆಸುತ್ತಿತ್ತು. ಬರಪೀಡಿತರಿಗೆ ಒಳ್ಳೆಯ ನೆಲ ಕೊಡುತ್ತೇವೆಂಬ ಹೆಸರಿನಲ್ಲಿ ಟಿಗ್ರೆ, ವೊಲ್ಲೊ ಸೀಮೆಯ ಜನರನ್ನು ದಕ್ಷಿಣಕ್ಕೆ ಸಾಗಿಸತೊಡಗಿತು. ಸುಮಾರು 6 ಲಕ್ಷ ಜನ. ಒಪ್ಪಿ ಹೋದವರೂ ಇದ್ದರು, ಬಲವಂತಕ್ಕೆ ಸಿಕ್ಕವರೂ ಇದ್ದರು. ಊಟ ಕೊಡುವ ಕೇಂದ್ರಕ್ಕೆ ಬಂದವರನ್ನು ಸೈನಿಕರು ಸುತ್ತುವರಿದು ಲಾರಿ ಹತ್ತಿಸಿದರು. ಗಂಡ ಒಂದು ಲಾರಿಯಲ್ಲಿ, ಹೆಂಡತಿ ಮಕ್ಕಳು ಇನ್ನೆಲ್ಲೋ. ದಾರಿಯಲ್ಲಿ ಮತ್ತು ಹೊಸ ಜಾಗದಲ್ಲಿ ಸತ್ತವರ ಲೆಕ್ಕದ ಬಗ್ಗೆ ಇಂದಿಗೂ ವಾದವಿದೆ. ಹತ್ತಾರು ಸಾವಿರ ಎಂಬುದು ಸಾಮಾನ್ಯ ಅಂದಾಜು.

ಹಾಗಾದರೆ ಆ ಗಂಜಿ ಯಾವ ಕೆಲಸಕ್ಕೆ ಬಂತು? ಹಸಿದವರನ್ನು ಒಂದೆಡೆ ಸೇರಿಸಿ ಹಿಡಿಯುವ ಬಲೆಯಾಯಿತು.

ಸಂಸ್ಥೆಗಳವರಿಗೆ ಇದು ಗೊತ್ತಿತ್ತು. ಕಣ್ಣೆದುರಿಗೇ ನಡೆಯುತ್ತಿತ್ತು. ‘ಗಡಿಯಿಲ್ಲದ ವೈದ್ಯರು’ ಎಂಬ ಅರ್ಥದ ಹೆಸರಿನ ಫ್ರೆಂಚ್ ಸಂಸ್ಥೆ ಎಂಎಸ್‌ಎಫ್ ಮಾತ್ರ ಬಹಿರಂಗವಾಗಿ, ದೊಡ್ಡ ದನಿಯಲ್ಲಿ ಹೇಳಿತು: ನಾವು ತಂದ ನೆರವೇ ಜನರನ್ನು ಕೊಲ್ಲಲು ಬಳಕೆಯಾಗುತ್ತಿದೆ. 1985ರ ಡಿಸೆಂಬರಿನಲ್ಲಿ ಸರ್ಕಾರ ಅವರನ್ನು ದೇಶದಿಂದ ಹೊರಹಾಕಿತು. ಉಳಿದ ಹೆಚ್ಚಿನ ಸಂಸ್ಥೆಗಳು ಸುಮ್ಮನಿದ್ದವು. ಕೆಲವರು ಎಂಎಸ್‌ಎಫ್ ಅನ್ನೇ ದೂರಿದರು.

ಸುಮ್ಮನಿದ್ದವರನ್ನು ನಾನು ಸುಲಭವಾಗಿ ಬೈಯಲಾರೆ. ಅವರು ಉಳಿದದ್ದರಿಂದ ಬದುಕಿದ ಮಕ್ಕಳಿದ್ದಾರೆ. ಎಂಎಸ್‌ಎಫ್ ಹೊರಟ ಮೇಲೆ ಅದರ ಕೇಂದ್ರಗಳಲ್ಲಿ ಮಲಗಿದ್ದ ರೋಗಿಗಳ ಪಾಡು? ಸತ್ಯ ಹೇಳಿದ ವೈದ್ಯ ವಿಮಾನ ಹತ್ತಿ ಪ್ಯಾರಿಸ್ಸಿಗೆ ಹೋಗಬಹುದು, ರೋಗಿ ಹೋಗಲಾರ. ಈ ವಾದಕ್ಕೆ ತೂಕವಿದೆ.

ಮೌನದಲ್ಲೂ ಎರಡು ಬಗೆ ಇದೆ. ಅದೇ ಕಾಲದಲ್ಲಿ ಚರ್ಚ್ ಸಂಸ್ಥೆಗಳ ಒಂದು ಒಕ್ಕೂಟ ಸುಡಾನ್ ಕಡೆಯಿಂದ ಗಡಿ ದಾಟಿಸಿ, ಬಂಡುಕೋರರ ಪ್ರದೇಶದಲ್ಲಿ ಸಿಕ್ಕಿಬಿದ್ದ ಜನರಿಗೆ ಧಾನ್ಯ ಮುಟ್ಟಿಸುತ್ತಿತ್ತು. 1981ರಿಂದಲೇ ನಡೆದ ಕೆಲಸ ಅದು. ವಿಮಾನ ದಾಳಿಯ ಭಯಕ್ಕೆ ಲಾರಿಗಳು ರಾತ್ರಿ ಹೊತ್ತು ಓಡುತ್ತಿದ್ದವು. ಅವರೂ ಡಂಗುರ ಹೊಡೆಯಲಿಲ್ಲ. ಆದರೆ ಅವರ ಮೌನ ಹಸಿದವನನ್ನು ಕಾಯುತ್ತಿತ್ತು. ರಾಜಧಾನಿಯಲ್ಲಿ ಕೂತವರ ಮೌನ ಯಾರನ್ನು ಕಾಯಿತು? ಸ್ವಲ್ಪ ಮಟ್ಟಿಗೆ ಹಸಿದವನನ್ನು, ಬಹುಪಾಲು ಸಂಸ್ಥೆಯ ಪರವಾನಗಿಯನ್ನು ಮತ್ತು ದಾನಿಗಳ ಉತ್ಸಾಹವನ್ನು ಎಂದು ನನ್ನ ಅನುಮಾನ.

ಅಭಯ ರಾಜಕುಮಾರ ಸುತ್ತದಲ್ಲಿ ಭಗವಾನ್ ಬುದ್ಧರು ಮಾತನ್ನು ಅಳೆಯುವ ಬಗೆ ಹೇಳುತ್ತಾರೆ. ಮಾತು ನಿಜವೇ, ಹಿತವೇ ಎಂದು ಮೊದಲು ನೋಡಬೇಕು. ಎರಡೂ ಹೌದಾದರೆ, ಕೇಳುವವನಿಗೆ ಅದು ಕಹಿಯಾದರೂ ಸಮಯ ನೋಡಿ ಹೇಳಬೇಕು. ಅಭಯನ ತೊಡೆಯ ಮೇಲೆ ಒಂದು ಕೂಸು ಮಲಗಿತ್ತು. ಅದರ ಬಾಯಲ್ಲಿ ಕಲ್ಲೋ ಕಡ್ಡಿಯೋ ಸಿಕ್ಕಿಕೊಂಡರೆ ಏನು ಮಾಡುತ್ತೀ ಎಂದು ಬುದ್ಧರು ಕೇಳಿದರು. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ, ಕರುಣೆಯಿಂದಲೇ ತೆಗೆಯುತ್ತೇನೆ ಎಂದ ಅಭಯ. ಸಮ್ಮಾ ವಾಚಾ ಎಂದರೆ ಮೆತ್ತಗೆ ಮಾತಾಡುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಈ ಸುತ್ತ ಓದಿದವರು ಹಾಗೆ ತಿಳಿಯಲಾರರು.

ಇನ್ನೊಂದು ಸಂಗತಿ. ಸಂಘದಲ್ಲಿ ಒಂದು ವಿಷಯ ತೀರ್ಮಾನವಾಗಬೇಕಾದರೆ ಅದನ್ನು ಸಭೆಯ ಮುಂದಿಟ್ಟು, ಮುಖ್ಯ ವಿಷಯವಾದರೆ ಮೂರು ಸಲ ಸಾರಿ ಕೇಳುವ ಪದ್ಧತಿ ವಿನಯದಲ್ಲಿದೆ. ಒಪ್ಪದವರು ಬಾಯಿ ಬಿಟ್ಟು ಹೇಳಬೇಕು. ಸುಮ್ಮನಿದ್ದರೆ ಒಪ್ಪಿದಂತೆ. ಭಿಕ್ಕು ಸಂಘಗಳಿಗೆ ಸಭೆ ನಡೆಸುವ ನಿಯಮಗಳೆಲ್ಲ ಗೊತ್ತಿದ್ದವು ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲೇ ನೆನಪಿಸಿದ್ದರು. ಆ ನಿಯಮದ ಕಣ್ಣಿನಿಂದ ನೋಡಿದರೆ ಇಥಿಯೋಪಿಯಾದ ಸಂಸ್ಥೆಗಳು ತಟಸ್ಥವಾಗಿದ್ದೆವು ಎನ್ನುವಂತಿಲ್ಲ. ಅವು ಒಪ್ಪಿಗೆ ಕೊಟ್ಟವು.

ಅವರು ಒಟ್ಟಾಗಿ ಮಾತಾಡಿದ್ದರೆ? ಒಬ್ಬರನ್ನು ಹೊರಹಾಕುವುದು ಸುಲಭ. ಎಲ್ಲರನ್ನೂ ಹೊರಹಾಕಿದರೆ ಧಾನ್ಯ, ಲಾರಿ, ಡಾಕ್ಟರು ಎಲ್ಲವೂ ಹೋಗುತ್ತವೆ. ಅಷ್ಟು ಧೈರ್ಯ ಆ ಸರ್ಕಾರಕ್ಕೂ ಇರುತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ. 1986ರಲ್ಲಿ ಅದು ಸ್ಥಳಾಂತರವನ್ನು ಕೆಲಕಾಲ ನಿಲ್ಲಿಸಿತು. ಹೊರಗಿನಿಂದ ಬಂದ ಒತ್ತಡವೂ ಅದಕ್ಕೆ ಒಂದು ಕಾರಣ. ಒಂದು ಸಂಸ್ಥೆಯ ದನಿಯಿಂದ ಇಷ್ಟಾಯಿತು.

ಇದು ದೂರದ ದೇಶದ ಮಾತು ಅನ್ನಬೇಡಿ. 2004ರ ಡಿಸೆಂಬರ್ 26ರ ಸುನಾಮಿಯ ಮೇಲೆ ತಮಿಳುನಾಡಿನ ನಾಗಪಟ್ಟಿಣಂ ಕಡೆ ಏನಾಯಿತು? ಕೊಳೆತ ಹೆಣ ಎತ್ತಲು ನಮ್ಮ ಜನ ಬೇಕಾದರು. ಪರಿಹಾರ ಶಿಬಿರದಲ್ಲಿ ಜೊತೆಗೆ ಇರಲು ಬೇಡವಾದರು. ಗಲಾಟೆ ಬೇಡ ಎಂದು ದಲಿತರಿಗೆ ಬೇರೆ ಶಿಬಿರ ಮಾಡಿದ್ದು ದಾಖಲಾಗಿದೆ. ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳು ಅಲ್ಲಿದ್ದವು. ಜಾತಿ, ಮತ ನೋಡದೆ ನೆರವು ಕೊಡುತ್ತೇವೆ ಎಂಬುದು ಅವರೆಲ್ಲರ ಮಾತು. ಜಾತಿ ನೋಡುವುದಿಲ್ಲ ಎಂದವನ ಕಣ್ಣಿಗೆ ಜಾತಿ ಬಿದ್ದೇ ಇರಲಿಲ್ಲ, ಅಷ್ಟೇ.

ಈಗ ನನ್ನ ವಿಷಯ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕಕ್ಕೆ ದೊಡ್ಡ ನೆರೆ ಬಂದದ್ದು ನಿಮಗೆ ನೆನಪಿರಬಹುದು. ಆಗ ನಾನು ಅಂಥದೇ ಒಂದು ಸಂಸ್ಥೆಯಲ್ಲಿ ಮೂರು ತಿಂಗಳ ಕೆಲಸಕ್ಕಿದ್ದೆ. ಹೊಳೆದಂಡೆಯ ಒಂದು ಊರಿಗೆ ಅಕ್ಕಿ, ಬೇಳೆ, ಎಣ್ಣೆ, ಚಾದರದ ಕಿಟ್ಟು ಒಯ್ದೆವು. ಊರಿನ ಹಿರಿಯರು ಲಾರಿಯನ್ನು ಗುಡಿಯ ಅಂಗಳದಲ್ಲಿ ನಿಲ್ಲಿಸಿ ಎಂದರು. ನಮ್ಮ ಕೇರಿಯವರು ಆ ಅಂಗಳಕ್ಕೆ ಕಾಲಿಡುವಂತಿಲ್ಲ. ಎಲ್ಲರದೂ ಮುಗಿದ ಮೇಲೆ ಉಳಿದದ್ದನ್ನು ಹೊರಗೆ ಕೊಟ್ಟರಾಯಿತು ಎಂದರು. ನಮ್ಮ ಮೇಲಿನವರು ನನ್ನ ಕಿವಿಯಲ್ಲಿ, “ಈಗ ಇದನ್ನು ಎತ್ತಬೇಡ, ಜಗಳವಾದರೆ ಲಾರಿ ವಾಪಸ್ ಹೋಗುತ್ತದೆ” ಎಂದರು. ನಾನು ಎತ್ತಲಿಲ್ಲ.

ಕೇರಿಯವರು ಬೇಲಿಯಾಚೆ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತರು. ಹಿಂದಿನ ದಿನ ಒಬ್ಬ ಅಜ್ಜಿ ನನ್ನ ಊರು ಕೇರಿ ಎಲ್ಲ ವಿಚಾರಿಸಿದ್ದಳು. ಅವಳ ಸರದಿ ಬಂದಾಗ ಕಿಟ್ಟಿಗೆ ಕೈ ಚಾಚದೆ ನನ್ನ ಮುಖ ನೋಡಿ ಕೇಳಿದಳು: “ತಮ್ಮಾ, ನೀ ನಮ್ಮ ಮಂದಿನೇ ಅಲ್ಲೇನು?”

ನಾನು ಸುಮ್ಮನೆ ಕಿಟ್ಟು ಮುಂದೆ ಹಿಡಿದೆ. ತಗೊಂಡಳು. ಚಾದರ ಅವಳಿಗೆ ಸಿಗಲಿಲ್ಲ, ಅಷ್ಟೊತ್ತಿಗೆ ಖಾಲಿಯಾಗಿತ್ತು.

ಆ ತಾಲ್ಲೂಕಿನಲ್ಲಿ ಇನ್ನೂ ಎರಡು ಮೂರು ಸಂಸ್ಥೆಗಳಿದ್ದವು. ದಿನಾ ಸಂಜೆ ಒಂದು ಲಾಡ್ಜಿನಲ್ಲಿ ಎಲ್ಲರೂ ಕೂಡುತ್ತಿದ್ದೆವು. ಯಾವ ಊರು ಯಾರಿಗೆ, ಪಾತ್ರೆ ಯಾರು ಕೊಡುವುದು, ತಾಡಪಾಲು ಯಾರು ಕೊಡುವುದು, ಎಲ್ಲ ಹಂಚಿಕೊಳ್ಳುತ್ತಿದ್ದೆವು. ಒಂದೇ ಮನೆಗೆ ಎರಡು ಕಿಟ್ಟು ಹೋಗಬಾರದೆಂದು ಪಟ್ಟಿ ಇಟ್ಟು ತಾಳೆ ನೋಡುತ್ತಿದ್ದೆವು. ಲಾರಿ ಎಲ್ಲಿ ನಿಲ್ಲಬೇಕು ಎಂಬ ಮಾತು ಮಾತ್ರ ಒಂದು ಸಂಜೆಯೂ ಬರಲಿಲ್ಲ. ಎಲ್ಲರೂ ಅಂಥ ಅಂಗಳಗಳನ್ನು ನೋಡಿಯೇ ಬಂದಿದ್ದೆವು. “ನಾಳೆಯಿಂದ ಯಾವ ಸಂಸ್ಥೆಯ ಲಾರಿಯೂ ಗುಡಿ ಮುಂದೆ ನಿಲ್ಲಬಾರದು, ಶಾಲೆಯ ಬಯಲಲ್ಲೇ ನಿಲ್ಲಬೇಕು” ಎಂದು ಮೂವರು ಒಂದು ಮಾತು ಆಡಿದ್ದರೆ ಸಾಕಿತ್ತು. ಮೂರು ಲಾರಿಯನ್ನೂ ವಾಪಸ್ ಕಳಿಸಲು ಆ ಊರಿನ ಹಿರಿಯರು ಒಪ್ಪುತ್ತಿದ್ದರೇ? ಅವರ ಮನೆಯ ಕಾಳೂ ನೀರುಪಾಲಾಗಿತ್ತಲ್ಲ.

ಕೆಲಸ ಹೋಗುವುದೆಂದು ಹೆದರಿದ್ದೆ, ಹೌದು. ಆದರೆ ನಾನು ಹೆದರಿದ್ದಕ್ಕೆ ಬಿಸಿಲಲ್ಲಿ ನಿಂತವಳು ಆ ಅಜ್ಜಿ.

ನಿನ್ನೆ ತಂಗಿಗೆ ಫೋನ್ ಮಾಡಿದೆ. ಕೆಲಸಕ್ಕೆ ಸೇರು ಎಂದೆ. ಸೇರಿದ ಮೊದಲ ವಾರವೇ ಅಲ್ಲಿ ಕೆಲಸ ಮಾಡುವ ಬೇರೆ ಸಂಸ್ಥೆಗಳ ಹುಡುಗ ಹುಡುಗಿಯರ ನಂಬರು ಬರೆದುಕೋ, ಹೊಳೆ ಉಕ್ಕುವ ಮುಂಚೆಯೇ ಅವರ ಜೊತೆ ಕೂತು ಲಾರಿ ಎಲ್ಲಿ ನಿಲ್ಲಬೇಕೆಂದು ಮಾತಾಡಿಕೋ ಎಂದೆ. “ಅವರು ಒಪ್ಪದಿದ್ದರೆ, ಅಣ್ಣಾ?” ಎಂದಳು. “ಒಬ್ಬರಾದರೂ ಒಪ್ಪುತ್ತಾರೆ, ಅವರ ಹೆಸರು ಮೊದಲು ಬರೆದುಕೋ” ಎಂದೆ.

ಅಜ್ಜಿಯ ವಿಷಯ ಅವಳಿಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಇಲ್ಲಿ ಓದುತ್ತಾಳೆ.

ಜೈ ಭೀಮ್.