ಸೇವೆ, ಸಂಬಳ ಮತ್ತು ಯಕ್ಷಗಾನ ಮೇಳ

ಫಲದ ಮೇಲೆ ಕಣ್ಣಿಡದೆ ಕರ್ಮ ಮಾಡಬೇಕೆನ್ನುವ ಭಗವದ್ಗೀತೆಯ ಮಾತು ಸಂಬಳಕ್ಕೆ ದುಡಿಯುವವರಿಗೂ ಅನ್ವಯಿಸುತ್ತದೆಯೇ ಎಂಬುದು ಹಳೆಯ ಜಿಜ್ಞಾಸೆ. ಅದಕ್ಕೆ ಉತ್ತರ ಹುಡುಕಲು ಕರಾವಳಿಯ ಯಕ್ಷಗಾನ ಮೇಳ ತಕ್ಕ ಜಾಗ. ಕಟೀಲು, ಧರ್ಮಸ್ಥಳ, ಮಂದಾರ್ತಿಯಂಥ ಕ್ಷೇತ್ರಗಳ ಹರಕೆ ಮೇಳಗಳಲ್ಲಿ ಆಟವೆಂದರೆ ದೇವರ ಸೇವೆ. ಹರಕೆ ಹೊತ್ತವರು ಖರ್ಚು ಭರಿಸುತ್ತಾರೆ, ಊರಿಗೆ ಊರೇ ಟಿಕೆಟ್ಟಿಲ್ಲದೆ ನೋಡುತ್ತದೆ. ಕಲಾವಿದರಿಗೆ ಮಾತ್ರ ಇದು ಹೊಟ್ಟೆಪಾಡೂ ಹೌದು. ದೀಪಾವಳಿಯ ಆಸುಪಾಸಿನಲ್ಲಿ ಹೊರಡುವ ತೆಂಕುತಿಟ್ಟಿನ, ಎಂದರೆ ದಕ್ಷಿಣದ ಶೈಲಿಯ, ಮೇಳ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುವ ತನಕ ಊರೂರು ಸುತ್ತುತ್ತದೆ. ಹೀಗೆ ಸೇವೆಯೂ ಸಂಬಳವೂ ಬಣ್ಣ ಹಚ್ಚುವ ಒಂದೇ ಚೌಕಿಯಲ್ಲಿ ತಲೆಮಾರುಗಳಿಂದ ಜೊತೆಯಾಗಿವೆ. ವ್ಯಾಪಾರ ಸಂಸ್ಥೆಗಳು ಇಲ್ಲಿಂದ ಕಲಿಯಬೇಕಾದ್ದು ಬಹಳ ಇದೆ, ಕಲಿಯಬಾರದ್ದೂ ಒಂದಿದೆ.

ಮೊದಲಿಗೆ ಅಧಿಕಾರದ ವಿಚಾರ. ರಂಗಸ್ಥಳದಲ್ಲಿ ಆಟವನ್ನು ನಡೆಸುವವರು ಭಾಗವತರು. ಯಕ್ಷಗಾನದ ಪರಿಭಾಷೆಯಲ್ಲಿ ಅವರೇ ಮೊದಲನೆಯ ವೇಷ. ಪ್ರಸಂಗದ ಪದ್ಯಗಳು ಬರಹದಲ್ಲಿರುತ್ತವೆ; ಅರ್ಥ, ಎಂದರೆ ವೇಷಧಾರಿಯ ಮಾತು, ಬರಹದಲ್ಲಿ ಇರುವುದಿಲ್ಲ. ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಮೇಲೆ ವೇಷಧಾರಿ ಅದರ ಅರ್ಥವನ್ನು ಅಲ್ಲೇ ಕಟ್ಟಿ ಹೇಳಬೇಕು. ಎಷ್ಟು ಹೇಳಬೇಕು, ಹೇಗೆ ಹೇಳಬೇಕು ಎಂಬುದು ಅವನಿಗೆ ಬಿಟ್ಟದ್ದು. ಆದರೆ ಪದ್ಯದ ದಾರಿ ಬಿಡುವಂತಿಲ್ಲ. ಮಾತು ಎಳೆದಾಡಿದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಚೆಂಡೆ ಮದ್ದಳೆಗಳು ಅದನ್ನು ಹಿಂಬಾಲಿಸುತ್ತವೆ. ಗದರಿಕೆಯೂ ಇಲ್ಲ, ವಿವರಣೆಯೂ ಇಲ್ಲ. ನಡೆಸುವವನು ಕೆಲಸದ ಒಳಗೇ ಇದ್ದು, ಇಡೀ ಹೊತ್ತು ಕಿವಿಗೊಟ್ಟು ಕೂತಿರುವುದರಿಂದಲೇ ಈ ಅಧಿಕಾರಕ್ಕೆ ಬೆಲೆ. ತಿಂಗಳಿಗೊಮ್ಮೆ ವರದಿ ಓದಿ ಅಪ್ಪಣೆ ಕೊಡುವ ಮೇಲಧಿಕಾರಿಗೆ ಈ ಹಿಡಿತ ಎಂದೂ ಬರಲಾರದು.

ಇನ್ನೂ ಮುಖ್ಯವಾದದ್ದು ಎದುರಾಳಿಗೆ ಸಿಗುವ ಗೌರವ. ವಾಲಿವಧೆಯ ಪ್ರಸಂಗವನ್ನೇ ನೋಡಬಹುದು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ. ರಾಮ ಗೆಲ್ಲಬೇಕೆಂಬುದು ಕತೆಯಲ್ಲೇ ತೀರ್ಮಾನವಾಗಿದೆ; ರಾಮ ದೇವರು, ಕೇಳುವವರು ಭಕ್ತರು. ಆದರೂ ವಾಲಿಯ ಅರ್ಥಧಾರಿ ತನ್ನ ವಾದವನ್ನು ಪೂರ್ತಿ ಬಲದಿಂದ ಮಂಡಿಸಬೇಕು, ರಾಮನ ಅರ್ಥಧಾರಿ ಅದಕ್ಕೆ ನಿಜವಾಗಿ ಉತ್ತರ ಹುಡುಕಬೇಕು. ವಾಲಿ ಸಪ್ಪೆಯಾದರೆ ರಾಮನೂ ಸಪ್ಪೆ. ವೇಷ, ಕುಣಿತಗಳಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಗೆ ಅಷ್ಟು ಹೆಸರು ಬಂದದ್ದು ದೇವರೆದುರು ಮಾತಾಡುವಾಗಲೂ ವಾದಕ್ಕೆ ರಿಯಾಯಿತಿ ಇರದ ಇಂಥ ಪರಂಪರೆಯಲ್ಲಿ. ಮಾಲೀಕನ ತೀರ್ಮಾನಕ್ಕೆ ಎಲ್ಲರೂ ತಲೆಯಾಡಿಸುವ ಕಂಪನಿಯಲ್ಲಿ ಆ ತೀರ್ಮಾನ ಸರಿಯೋ ತಪ್ಪೋ ಎಂದು ಮಾಲೀಕನಿಗೇ ತಿಳಿಯುವುದಿಲ್ಲ.

ಗೀತೆಯ ಮಾತು ಮೇಳದಲ್ಲಿ ಬಾಳುವ ಬಗೆಯೂ ಇಲ್ಲಿಯೇ ಕಾಣುತ್ತದೆ. ವಾಲಿ ಮಾಡುವವನಿಗೆ ಸೋಲು ಖಚಿತ, ಆದರೂ ವೇಷದಲ್ಲಿ ಕೊರತೆ ಮಾಡುವಂತಿಲ್ಲ. ಇವತ್ತು ರಾಜನಾದವನು ನಾಳೆ ಬೇರೊಂದು ಪ್ರಸಂಗದಲ್ಲಿ ಸಣ್ಣ ಪಾತ್ರಕ್ಕೆ ಗೆಜ್ಜೆ ಕಟ್ಟುತ್ತಾನೆ. ಉದ್ದದ ಪ್ರಸಂಗಗಳಲ್ಲಿ ಒಂದೇ ಪಾತ್ರವನ್ನು ಮೊದಲ ಭಾಗದಲ್ಲೊಬ್ಬ, ಎರಡನೆಯ ಭಾಗದಲ್ಲಿ ಇನ್ನೊಬ್ಬ ನಿರ್ವಹಿಸುವುದೂ ರೂಢಿ. ವೇಷ ಯಾರ ಸ್ವತ್ತೂ ಅಲ್ಲ. ಫಲತ್ಯಾಗವೆಂದರೆ ಕೂಲಿ ಬಿಡುವುದು ಎಂದಲ್ಲ, ಪಾತ್ರದ ಮೇಲಿನ ಒಡೆತನ ಬಿಡುವುದು ಎಂದು ಮೇಳದ ರೂಢಿ ತೋರಿಸುತ್ತದೆ.

ಕಲಿಕೆಯ ವಿಷಯದಲ್ಲಿ ಮೇಳದ್ದೇ ಇತ್ತೀಚಿನ ಅನುಭವ ಎಚ್ಚರಿಕೆಯಂತಿದೆ. ಇಡೀ ರಾತ್ರಿಯ ಆಟಕ್ಕೆ ಮುನ್ನ ಪೂರ್ವರಂಗವಿತ್ತು. ಹೊಸಬರು ಕೋಡಂಗಿಯಾಗಿ, ಬಾಲಗೋಪಾಲರಾಗಿ ಕುಣಿಯುತ್ತಿದ್ದರು. ಜನ ಇನ್ನೂ ಸೇರುತ್ತಿರುವ ಹೊತ್ತು. ಹೆಜ್ಜೆ ತಪ್ಪಿದರೂ ನಡೆಯುತ್ತಿತ್ತು, ಆದರೆ ಮೈಮೇಲೆ ನಿಜವಾದ ವೇಷ, ಹಿಂದೆ ನಿಜವಾದ ಹಿಮ್ಮೇಳ. ಧರ್ಮಸ್ಥಳ ಮೇಳ ಸೇರಿದಂತೆ ಹಲವು ಮೇಳಗಳು ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಆಟಕ್ಕೆ ಬಂದ ಮೇಲೆ ಪೂರ್ವರಂಗ ಮೊಟಕಾಯಿತು. ಪ್ರೇಕ್ಷಕರ ನಿದ್ದೆ, ಮರುದಿನದ ಕೆಲಸ ಇವನ್ನು ನೋಡಿದರೆ ಕಾಲಮಿತಿಗೆ ಕಾರಣಗಳಿವೆ, ಅವು ಸಣ್ಣವೂ ಅಲ್ಲ. ಆದರೆ ಕತೆಗೆ ಬೇಡವೆಂದು ಕತ್ತರಿಸಿದ ಭಾಗವೇ ಕಲಾವಿದರನ್ನು ತಯಾರು ಮಾಡುವ ಭಾಗವಾಗಿತ್ತು. ಲೆಕ್ಕದಲ್ಲಿ ವ್ಯರ್ಥವೆಂದು ಕಾಣುವ ಹೊತ್ತನ್ನು ಉಳಿಸಹೊರಟ ಕಾರ್ಖಾನೆ, ಕಚೇರಿಗಳಲ್ಲೂ ಹೊಸಬರು ತಪ್ಪು ಮಾಡಿ ಕಲಿಯುವ ಜಾಗವೇ ಮೊದಲು ಹೋಗುತ್ತದೆ.

ಕಲಿಯಬಾರದ್ದು ಸೇವೆ ಎಂಬ ಮಾತಿನ ದುರುಪಯೋಗ. ಮಳೆಗಾಲದಲ್ಲಿ ಮೇಳ ನಿಂತಾಗ ಅನೇಕ ಕಲಾವಿದರು ಚಿಕ್ಕಮೇಳವೆಂಬ ಸಣ್ಣ ತಂಡ ಕಟ್ಟಿಕೊಂಡು ಮನೆಮನೆಗೆ ಹೋಗಬೇಕಾಗುತ್ತದೆ. ದೇವರ ಸೇವೆಯೆಂಬ ಭಾವ ಅವರ ನಿಷ್ಠೆಯನ್ನು ಉಳಿಸಿದೆ. ಆದರೆ ಆ ಭಾವವೊಂದರಿಂದಲೇ ಸಂಸಾರ ಸಾಗಿಲ್ಲ. ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಶರಣರು ಅದರ ಜೊತೆಗೇ ದಾಸೋಹವನ್ನೂ ಇಟ್ಟರು: ದುಡಿದದ್ದು ಹಂಚಿಕೆಯಾಗಬೇಕು. ಹರಕೆ ಮೇಳದಲ್ಲಿ ಸೇವೆ ಸಲ್ಲುವುದು ದೇವರಿಗೆ. ಕಂಪನಿಯಲ್ಲಿ ಲಾಭ ಸಲ್ಲುವುದು ಷೇರುದಾರರಿಗೆ. ಆದ್ದರಿಂದ ನೌಕರರಿಂದ ಸೇವಾಭಾವ ಬಯಸುವ ಸಂಸ್ಥೆ ಮೊದಲು ಲಾಭದಲ್ಲಿ ಅವರಿಗೆ ಪಾಲು ಕೊಡಬೇಕು. ಕೊಡದಿದ್ದರೆ ಆ ಮಾತೆತ್ತುವ ಹಕ್ಕು ಅದಕ್ಕಿಲ್ಲ.