ಮಾತು ದಾಟಿಸುವವರ ಕೂಲಿ

ಹೋದ ತಿಂಗಳು ಧರ್ಮಕ್ಷೇತ್ರದ ಸಭೆಗೆ ಅಂಚೆಟ್ಟಿ ಕಡೆಯಿಂದ ನಾವು ಏಳು ಜನ ಹೋಗಿದ್ದೆವು. ಸಭೆ ಎಂದಿನಂತೆ ತಮಿಳಿನಲ್ಲಿ. ನಮ್ಮಲ್ಲಿ ನಾಲ್ವರಿಗೆ ತಮಿಳು ಸಲೀಸು, ಇಬ್ಬರಿಗೆ ಅರ್ಧಂಬರ್ಧ, ಕಾಡಂಚಿನ ಹಳ್ಳಿಯಿಂದ ಬಂದ ಒಬ್ಬ ಅಜ್ಜಿಗೆ ಸಂತೆಯ ತಮಿಳು ಬಿಟ್ಟರೆ ಬೇರೆ ತಿಳಿಯದು. ಪ್ರತಿ ಸಲ ಅಜ್ಜಿಯ ಪಕ್ಕ ಕೂತು ಮೆಲ್ಲನೆ ಕನ್ನಡದಲ್ಲಿ ಹೇಳುತ್ತಿದ್ದ ಹುಡುಗಿ ಈ ಸಲ ಬಂದಿರಲಿಲ್ಲ. ಹೊಸೂರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಊಟದ ಹೊತ್ತಿಗೆ ಅಜ್ಜಿ ಕೇಳಿದರು: "ಬೆಳಿಗ್ಗೆಯಿಂದ ಏನಪ್ಪ ಮಾತಾಡಿದ್ರು?" ನಾವು ಎರಡು ಮಾತಿನಲ್ಲಿ ಹೇಳಿ ಮುಗಿಸಿದೆವು. ಮೂರು ಗಂಟೆಯ ಸಭೆ ಅವರ ಪಾಲಿಗೆ ಎರಡು ಮಾತಾಯಿತು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನಮ್ಮಲ್ಲೊಬ್ಬರು, "ನಮ್ಮ ಕಣ್ಣ ಮುಂದೆ ಬೆಳೆದ ಹುಡುಗಿ, ದುಡ್ಡು ಕಂಡ ಕೂಡಲೇ ಹೋದಳು" ಎಂದರು. ಯಾರೂ ಎದುರಾಡಲಿಲ್ಲ. ಮನೆಗೆ ಬಂದ ಮೇಲೆ ಆ ಮಾತು ಚುಚ್ಚತೊಡಗಿತು. ಅವಳ ಮೇಲೆ ಸಿಟ್ಟಾಗುವ ಹಕ್ಕು ನಮಗಿದೆಯೇ?

ಅವಳು ಮಾಡುತ್ತಿದ್ದ ಕೆಲಸವನ್ನು ಒಮ್ಮೆ ಲೆಕ್ಕ ಹಾಕಿದೆವು. ಧರ್ಮಾಧ್ಯಕ್ಷರ ಸುತ್ತೋಲೆ ತಮಿಳಿನಲ್ಲಿ ಬಂದರೆ ಭಾನುವಾರದೊಳಗೆ ಕನ್ನಡ ಮಾಡುವುದು. ಹೊಸದಾಗಿ ಬಂದ ಗುರುಗಳ ಪ್ರಬೋಧನೆಯನ್ನು ಕನ್ನಡದಲ್ಲಿ ಹೇಳುವುದು. ತಾಲ್ಲೂಕು ಕಚೇರಿಯ ಅರ್ಜಿ, ಬ್ಯಾಂಕಿನ ಕಾಗದ, ಪಿಂಚಣಿಯ ಕಾಗದ. ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆ.

ಆಸ್ಪತ್ರೆಯ ಒಂದು ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನಮ್ಮ ಹಿರಿಯರೊಬ್ಬರನ್ನು ಪರೀಕ್ಷೆ ಮಾಡಿದ ವೈದ್ಯರು ತಮಿಳಿನಲ್ಲಿ, ಹೊಟ್ಟೆಯಲ್ಲಿ 'ಕಟ್ಟಿ' ಇದೆ ಎಂದರು. ತಮಿಳಿನಲ್ಲಿ ಕಟ್ಟಿ ಎಂದರೆ ಗಡ್ಡೆ. ಹಿರಿಯರಿಗೆ ಕೇಳಿಸಿದ್ದು 'ಗಟ್ಟಿ'. ಹೊಟ್ಟೆ ಗಟ್ಟಿ ಇದೆಯಂತೆ ಎಂದು ನಗುತ್ತಾ ಹೊರಗೆ ಬಂದರು. ಅದು ಹಾಗಲ್ಲ ತಾತ ಎಂದು ಹೇಳಬೇಕಾದವಳು ಇಪ್ಪತ್ತು ವರ್ಷದ ಆ ಹುಡುಗಿ. ಅವಳು ಹೇಳಿದಳು. ಅಂದು ರಾತ್ರಿ ಅವಳು ಊಟ ಮಾಡಲಿಲ್ಲವಂತೆ. ಇದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅವಳ ತಾಯಿಯಿಂದ. ಆ ದಿನ ಅವಳಿಗೆ ನಾವು ಕೊಟ್ಟದ್ದು ಬಸ್ ಚಾರ್ಜು. ಹಬ್ಬಕ್ಕೆ ಒಂದು ಶಾಲು ಹೊದಿಸಿದ್ದೂ ನಿಜ.

ಮಾತು ದಾಟಿಸುವುದು ಎಂತಹ ಕೆಲಸ ಎಂಬುದನ್ನು ಲೋಕ ಸರಿಯಾಗಿ ಕಂಡದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. 1945ರ ನವೆಂಬರಿನಲ್ಲಿ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ಶುರುವಾದಾಗ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕು ಭಾಷೆಗಳಲ್ಲಿ ಎಲ್ಲವೂ ಆಗಿಂದಾಗಲೇ ಕೇಳಿಸಬೇಕಾಗಿತ್ತು. ಹನ್ನೆರಡು ಹನ್ನೆರಡು ಜನರ ಮೂರು ತಂಡ ಮಾಡಿದರು. ಆ ಕೊಲೆಗಳ ವಿವರವನ್ನೆಲ್ಲ 'ನಾನು' ಎಂದೇ ತಮ್ಮ ಬಾಯಿಂದ ಹೇಳಬೇಕಾಗಿ ಬಂದದ್ದರಿಂದ ಕೆಲವರಿಗೆ ತಡೆದುಕೊಳ್ಳಲಾಗಲಿಲ್ಲ. ಅವರಿಗೆ ಬೇರೆ ಕೆಲಸ ಕೊಡಬೇಕಾಯಿತು. ಮಾತು ಬೇರೆಯವರದಾದರೂ ಅದು ಹಾದುಹೋಗುವ ಬಾಯಿ ನಮ್ಮದೇ ತಾನೇ.

ಈಗ ವಿಶ್ವಸಂಸ್ಥೆಯಲ್ಲಿ ಆರು ಅಧಿಕೃತ ಭಾಷೆಗಳು. ಮೂರು ಗಂಟೆಯ ಸಭೆಯಾದರೂ ಒಬ್ಬರೇ ಉದ್ದಕ್ಕೂ ಮಾತಾಡುವುದಿಲ್ಲ. ಸುಮಾರು ಅರ್ಧ ಗಂಟೆಗೊಮ್ಮೆ ಪಕ್ಕದವರು ಮುಂದುವರಿಸುತ್ತಾರೆ. ವಾರಕ್ಕೆ ಏಳು ಸಭೆ, ಅದಕ್ಕಿಂತ ಹೆಚ್ಚಿಲ್ಲ. ಕಠಿಣ ಪರೀಕ್ಷೆ, ಒಳ್ಳೆಯ ಸಂಬಳ, ಪಿಂಚಣಿ. ಇಷ್ಟಿದ್ದರೂ ಅಲ್ಲಿ ಜನ ಸಾಲದೆ ಬಂದದ್ದುಂಟು. ಹಳಬರು ಒಟ್ಟೊಟ್ಟಿಗೆ ನಿವೃತ್ತರಾಗತೊಡಗಿದಾಗ ಜಾಗ ತುಂಬಲು ಆಗಲಿಲ್ಲ. ಆಮೇಲೆ ವಿಶ್ವವಿದ್ಯಾಲಯಗಳ ಜೊತೆ ಒಪ್ಪಂದ ಮಾಡಿಕೊಂಡು ಮುಂದಿನವರನ್ನು ತಯಾರು ಮಾಡಲು ಹೊರಟರು. ಅಷ್ಟು ದೊಡ್ಡ ಮನೆಗೇ ಹೀಗಾದರೆ, ಒಬ್ಬಳನ್ನೇ ನೆಚ್ಚಿಕೊಂಡು ಎರಡನೆಯವರನ್ನು ಬೆಳೆಸದ ನಮ್ಮದು ಎಂಥ ಲೆಕ್ಕ?

ನಮ್ಮ ಸಭೆಯ ಚರಿತ್ರೆಯಲ್ಲೂ ಇಂಥದೊಂದು ಪಾಠವಿದೆ. 1962ರಲ್ಲಿ ಶುರುವಾದ ಎರಡನೆಯ ವ್ಯಾಟಿಕನ್ ಮಹಾಸಭೆ ಬಲಿಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಆದರೆ ಮಹಾಸಭೆಯ ಭಾಷಣಗಳು ನಡೆದದ್ದು ಲ್ಯಾಟಿನಿನಲ್ಲಿ. ಎಷ್ಟೋ ಧರ್ಮಾಧ್ಯಕ್ಷರಿಗೆ ಅದು ಕಿವಿಗೆ ಹತ್ತುತ್ತಿರಲಿಲ್ಲ. ಬೋಸ್ಟನ್ನಿನ ಕಾರ್ಡಿನಲ್ ಕುಶಿಂಗ್ ಅವರು ಅನುವಾದದ ಯಂತ್ರಗಳ ಖರ್ಚು ತಾವೇ ಕೊಡುತ್ತೇವೆಂದು ಮುಂದೆ ಬಂದರು. ಆದರೂ ಅದು ಆಗಿಬರಲಿಲ್ಲ. ತಿಳಿಯದೆ ಕೂತವರ ಸಂಕಟ ನಮ್ಮ ಅಜ್ಜಿಗೆ ಮಾತ್ರ ಬಂದದ್ದಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದೇನೋ.

ಈಗ ಮುಖ್ಯ ಪ್ರಶ್ನೆ. ಭಾಷೆ ದೇವರು ಕೊಟ್ಟ ವರ, ವರಕ್ಕೆ ಕೂಲಿ ಕೇಳಬಹುದೇ ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಭಾಷೆಗಳ ಅರ್ಥ ಹೇಳುವುದನ್ನು ವರಗಳ ಸಾಲಿನಲ್ಲೇ ಇಟ್ಟಿದ್ದಾರೆ, ಹೌದು. ಅದೇ ಪತ್ರದಲ್ಲಿ, ಅರ್ಥ ಹೇಳುವವರು ಇಲ್ಲದಿದ್ದರೆ ತಿಳಿಯದ ಭಾಷೆಯಲ್ಲಿ ಮಾತಾಡುವವನು ಸಭೆಯಲ್ಲಿ ಸುಮ್ಮನಿರಲಿ ಎಂದೂ ಹೇಳಿದ್ದಾರೆ. ಅವರು ಹೇಳಿದ ಸಂದರ್ಭ ಬೇರೆ, ಒಪ್ಪುತ್ತೇವೆ. ಆದರೂ ಹೊರೆ ಯಾರ ಮೇಲೆ ಎಂಬುದನ್ನು ಗಮನಿಸಿ. ಕೇಳುವವಳು ಕಲಿತುಕೊಂಡು ಬರಲಿ ಎನ್ನುವುದಿಲ್ಲ ಅವರು.

ಸ್ವರ ದೇವರು ಕೊಟ್ಟದ್ದು, ಕೈಕಸುಬೂ ದೇವರು ಕೊಟ್ಟದ್ದೇ. ಹಬ್ಬಕ್ಕೆ ಬರುವ ಮೈಕ್ ಸೆಟ್ಟಿನವರಿಗೆ ನಾವು ಚೌಕಾಸಿ ಮಾಡಿಯಾದರೂ ದುಡ್ಡು ಕೊಡುತ್ತೇವೆ. ಪೆಂಡಾಲಿನವರಿಗೂ ಕೊಡುತ್ತೇವೆ. ಸದ್ದನ್ನು ದೊಡ್ಡದು ಮಾಡುವವರಿಗೆ ದುಡ್ಡು, ಸದ್ದನ್ನು ಅರ್ಥ ಮಾಡುವವಳಿಗೆ ಶಾಲು. ಹಿಂದೆ ಮದರಾಸು, ಪುದುಚೇರಿಯ ಕಡೆ ದುಭಾಷಿ ಎಂದರೆ ಸಿರಿವಂತ. ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ದುಭಾಷಿ ಆನಂದರಂಗ ಪಿಳ್ಳೆಯವರ ದಿನಚರಿ ಇಂದಿಗೂ ಚರಿತ್ರೆಗೆ ಆಧಾರ. ನಮ್ಮ ಹುಡುಗಿಯ ಬಳಿ ಇರುವುದು ಬಸ್ ಟಿಕೆಟ್ಟುಗಳು.

ಅವಳೇನೂ ಕೇಳಲಿಲ್ಲವಲ್ಲ, ಸಂತೋಷದಿಂದ ಮಾಡಿದಳಲ್ಲ ಎಂಬ ಮಾತೂ ಬಂತು. ಇದಕ್ಕೆ ಉತ್ತರ ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿ ಕಾರ್ಮಿಕರನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿದೆ. ಕೆಲಸಗಾರ ಒಪ್ಪಿಕೊಂಡ ಎಂಬ ಒಂದೇ ಕಾರಣಕ್ಕೆ ಕೂಲಿ ನ್ಯಾಯವಾಗುವುದಿಲ್ಲ ಎಂಬುದು ಅಲ್ಲಿನ ತಾತ್ಪರ್ಯ. ಬಡತನವೋ ಸಂಕೋಚವೋ ಒಪ್ಪಿಸಿರಬಹುದು. ನಮ್ಮ ಹುಡುಗಿಯನ್ನು ಒಪ್ಪಿಸಿದ್ದು ದಾಕ್ಷಿಣ್ಯ. ಗುರುಗಳೆದುರು, ಹಿರಿಯರೆದುರು, ಹಾಸಿಗೆ ಹಿಡಿದವರೆದುರು ಇಲ್ಲ ಎನ್ನಲು ಯಾವ ಹೆಣ್ಣುಮಗಳಿಗೆ ಬಾಯಿ ಬರುತ್ತದೆ? ನಾವು ಅವಳನ್ನು ಉಳಿಸಿಕೊಂಡಿದ್ದೆವು ಎನ್ನುವುದೂ ತಪ್ಪು. ಬೇರೆ ಕೆಲಸ ಸಿಕ್ಕಿರಲಿಲ್ಲ, ಇದ್ದಳು ಅಷ್ಟೆ.

ದುಡ್ಡು ಕೊಟ್ಟರೆ ಪ್ರೀತಿ ಹೋಗುತ್ತದೆ ಎಂಬ ಭಯ ನಮಗೂ ಇದೆ. ಅದನ್ನು ಹಗುರ ಮಾಡುವುದಿಲ್ಲ. ಸಾವಿನ ಮನೆಯಲ್ಲಿ ಅಥವಾ ಪಾಪನಿವೇದನೆಯ ಹೊಸ್ತಿಲಲ್ಲಿ ಮಾತು ದಾಟಿಸಿದ್ದಕ್ಕೆ ರಸೀದಿ ಬರೆಯಲು ಯಾರಿಗೂ ಕೈ ಬಾರದು. ಆದರೆ ವರ್ಷಕ್ಕೊಮ್ಮೆ ಮಾಡುವ ಉಪಕಾರ ಬೇರೆ, ಊರೆಲ್ಲ ನೆಚ್ಚಿಕೊಂಡಿರುವ ಕೆಲಸ ಬೇರೆ. ಎರಡನೆಯದನ್ನು ಉಪಕಾರವೆಂದೇ ಕರೆಯುತ್ತಾ ಹೋಗುವುದರಿಂದ ಲಾಭ ನಮಗೆ.

ತಮಿಳಿನವರ ಮೇಲೆ ಸಿಟ್ಟು ತಿರುಗಿಸುವುದು ಸುಲಭ. 2006ರ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯಲೇಬೇಕು. ಮನೆಯಲ್ಲಿ ಕನ್ನಡ ಮಾತಾಡುವ ಎಷ್ಟೋ ಮಕ್ಕಳಿಗೆ ಕನ್ನಡ ಅಕ್ಷರ ಬಾರದು. ಆದರೆ ಅದೇ ಮಕ್ಕಳು ಎರಡು ಭಾಷೆಯ ನಡುವೆ ಬೆಳೆಯುತ್ತಿದ್ದಾರೆ, ಅರ್ಧ ಅನುವಾದಕರು ಅವರಾಗಲೇ. ಇನ್ನರ್ಧ, ಎಂದರೆ ಓದು ಬರಹ, ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ನಾವು ಕೊಡಬಹುದಿತ್ತು, ಕೊಡಲಿಲ್ಲ. ಇನ್ನೊಂದು ಮಾತು. ಕಾವೇರಿಯ ಆಚೆ, ಚಾಮರಾಜನಗರ ಜಿಲ್ಲೆಯ ಮಾರ್ಟಳ್ಳಿಯಲ್ಲಿ ತಮಿಳು ಮಾತಾಡುವ ಕಥೋಲಿಕರಿದ್ದಾರೆ. ಸುತ್ತಲಿನ ಕಚೇರಿಗಳೆಲ್ಲ ಕನ್ನಡದಲ್ಲಿ. ಅಲ್ಲಿಯೂ ಯಾವುದೋ ಅಜ್ಜಿಯ ಪಕ್ಕ ಯಾವುದೋ ಹುಡುಗಿ ಕೂತಿರುತ್ತಾಳೆ, ನಮ್ಮ ಭಾಷೆಯಿಂದ ಅವಳ ಭಾಷೆಗೆ ದಾಟಿಸುತ್ತಾ. ಅವಳಿಗೆ ಯಾರಾದರೂ ಏನಾದರೂ ಕೊಡುತ್ತಾರೋ?

ಕಳೆದ ಭಾನುವಾರ ಬಲಿಪೂಜೆಯ ನಂತರ ಕೂತು ಮಾತಾಡಿದೆವು. ಲೆಕ್ಕದ ಪುಸ್ತಕದಲ್ಲಿ 'ಅನುವಾದ' ಎಂದು ಹೊಸ ಸಾಲು ಬರೆದೆವು. ಮೊತ್ತ ಸಣ್ಣದು, ಅದಕ್ಕೂ ಅರ್ಧ ಗಂಟೆ ವಾದವಾಯಿತು. ಆಮೇಲೆ ಹೊಸೂರಿಗೆ ಫೋನು ಮಾಡಿ, ತಿಂಗಳಿಗೊಂದು ಭಾನುವಾರ ಬರಲಾಗುತ್ತದೆಯೇ ಎಂದು ಕೇಳಿದೆವು. ದುಡ್ಡಿನ ವಿಷಯಕ್ಕೆ ಅವಳು ಏನೂ ಹೇಳಲಿಲ್ಲ. "ಆಸ್ಪತ್ರೆಗೆ ಹೋಗೋವಾಗ ನನ್ನ ಜೊತೆ ಇನ್ನೊಬ್ಬರು ಇರ್ತಾರಾ?" ಎಂದು ಕೇಳಿದಳು. ಯಾರು ಎಂದು ನಾವಿನ್ನೂ ಹುಡುಕುತ್ತಿದ್ದೇವೆ.