ಆಳಕ್ಕೆ ಇಳಿಯದ ಕಲ್ಲು

ಇಂಡಿಯಿಂದ ಸಿಂದಗಿಗೆ ಹೋಗುವಾಗ ಹೊಲದ ಬದುವಿನುದ್ದಕ್ಕೂ ಆರಿಸಿ ಹಾಕಿದ ಕರಿಕಲ್ಲು ಕಾಣುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ತಣಿದು ಆದ ಬಸಾಲ್ಟ್ ಅದು. ಬಸವನ ಬಾಗೇವಾಡಿಯೂ ಅದೇ ಹೊದಿಕೆಯ ಮೇಲಿದೆ. ಮುದ್ದೇಬಿಹಾಳ ದಾಟಿ ದಕ್ಷಿಣಕ್ಕೆ ಹೋದಂತೆ ಅದು ತೀರಿ, ಅಡಿಯ ಇನ್ನೂ ಹಳೆಯ ಕಲ್ಲು ತಲೆ ಎತ್ತುತ್ತದೆ.

ಸಾಗರದ ತಳವೂ ಬಹುಮಟ್ಟಿಗೆ ಬಸಾಲ್ಟೇ. ಆದರೆ ಅದರ ಹಣೆಬರಹ ಬೇರೆ. ಭಾರತಕ್ಕೂ ಏಷ್ಯಾಕ್ಕೂ ನಡುವೆ ಇದ್ದ ಟೆಥಿಸ್ ಸಾಗರದ ತಳ ಉತ್ತರದ ಫಲಕದ ಅಡಿಗೆ ಜಾರುತ್ತ ಹೋಯಿತು. ಹತ್ತಾರು ಕಿಲೋಮೀಟರ್ ಆಳದಲ್ಲಿ ವಿಪರೀತ ಒತ್ತಡ. ತಣ್ಣನೆಯ ಕಲ್ಲು ಬೇಗ ಇಳಿದದ್ದರಿಂದ ಅಲ್ಲಿಯ ಕಾವು ಮಾತ್ರ ಅದಕ್ಕೆ ಪೂರ್ತಿ ತಗಲಲಿಲ್ಲ. ಒತ್ತಡ ಹೆಚ್ಚಾಗಿ ಶಾಖ ಕಡಿಮೆ ಇದ್ದಾಗ ಹುಟ್ಟುವ ನೀಲಿ ಖನಿಜ ಗ್ಲಾಕೊಫೇನ್. ಅದಿರುವ ನೀಲಿಶಿಸ್ಟ್ ಲಡಾಖಿನ ಕಾರ್ಗಿಲ್ ಬಳಿಯ ಶೆರ್ಗೋಲ್‌ನಲ್ಲಿ ಮೇಲೆ ಬಂದು ಕೂತಿದೆ.

ನಮ್ಮ ಕಡೆ ಗುಳೆ ಹೊರಟವರಿಗೆ ಹೇಳುವ ಮಾತೊಂದಿದೆ: "ಕಷ್ಟ ಉಂಡ್ರ ಮನುಷ್ಯಾ ಗಟ್ಟಿ ಆಗ್ತಾನ." ಶಾಲೆ ಬಿಟ್ಟು ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟ ಹುಡುಗನೊಬ್ಬನ ಬೆನ್ನು ತಟ್ಟಿ ನಾನೂ ಹಾಗೇ ಹೇಳಿದ್ದೆ. ಹೇಳಿದ ಮೇಲೆ ಅವನ ಫೀಸಿನ ಬಗ್ಗೆ ಯೋಚಿಸುವ ಕೆಲಸ ನನಗೆ ಉಳಿಯಲಿಲ್ಲ.

ನೀಲಿಶಿಸ್ಟ್ ನೋಡಿದವರಿಗೂ ಒತ್ತಡವೇ ಕಲ್ಲಿಗೆ ಬಣ್ಣ ಕೊಟ್ಟಿತು ಅನಿಸುತ್ತದೆ. ಸುಳ್ಳೇನಲ್ಲ. ಆದರೆ ಹಾಗೆ ಇಳಿದ ತಳದ ಬಹುಪಾಲು ಹಿಂದಿರುಗಲೇ ಇಲ್ಲ. ಇನ್ನೂ ಆಳದಲ್ಲಿ ಎಕ್ಲೋಗೈಟ್ ಆಗಿ, ಸುತ್ತಲಿನ ಕಲ್ಲಿಗಿಂತ ಭಾರವಾಗಿ ಮುಳುಗಿಹೋಯಿತು. ಹಿಂದಿರುಗಿದ್ದರಲ್ಲೂ ದಾರಿಯಲ್ಲಿ ತಡವಾದದ್ದು ಕಾದು, ನೀಲಿ ಕಳೆದುಕೊಂಡು ಹಸಿರಾಯಿತು. ಬೇಗ ಮೇಲೆ ಬಂದ ಕೆಲವೇ ತುಣುಕುಗಳನ್ನು ಹಿಡಿದು ನಾವು ಆಳದ ಗುಣಗಾನ ಮಾಡುತ್ತೇವೆ. ಕಲ್ಲಿಗೆ ನೋವಿಲ್ಲ, ಮನುಷ್ಯನಿಗೆ ಹೋಲಿಸಬಾರದು ಎನ್ನಬಹುದು. ಹಾಗಿದ್ದರೆ ಮನುಷ್ಯನ ವಿಷಯದಲ್ಲಿ ಲೆಕ್ಕ ಇನ್ನೂ ಎಚ್ಚರದಿಂದ ಹಾಕಬೇಕಲ್ಲವೆ?

ಇತ್ತ ನಮ್ಮ ಕರಿಕಲ್ಲು ಆಳ ಕಾಣಲೇ ಇಲ್ಲ. ಬಿಸಿಲು ಮಳೆಗೆ ಸಿಕ್ಕು ಪುಡಿಯಾಗಿ ಎರೆ ಭೂಮಿಯಾಯಿತು. ಮಳೆಗಾಲದ ಹಸಿ ಹಿಡಿದಿಟ್ಟು ಹಿಂಗಾರಿಗೆ ಬಿಳಿಜೋಳ ಬೆಳೆಯುತ್ತದೆ. ಡೋಣಿ ಸಾಲಿನ ರೈತರು ಅದನ್ನು ಮೆತ್ತನೆಯದೆಂದು ಹೀಯಾಳಿಸಿದ್ದನ್ನು ನಾನು ಕೇಳಿಲ್ಲ.

ಆ ಹುಡುಗ ಹೋದ ವರ್ಷ ಜಾತ್ರೆಗೆ ಬಂದಿದ್ದ. ಗಟ್ಟಿಯಾಗಿದ್ದಾನೆ. ಮನೆಗೆ ಪತ್ರಾಸ್ ಹಾಕಿಸಿದ್ದಾನೆ. "ಸರ, ನೀವ್ ಹೇಳಿದ್ದು ಖರೇ ಆತ್ರಿ" ಎಂದ. ಅವನ ಜೊತೆ ಅದೇ ಬಸ್ಸಿಗೆ ಇನ್ನಿಬ್ಬರು ಹತ್ತಿದ್ದರು. ಅವರೆಲ್ಲಿ ಎಂದು ಕೇಳಿದೆ.

"ಗೊತ್ತಿಲ್ರಿ ಸರ," ಎಂದು ಚಹಾದ ಕಪ್ಪು ಕೆಳಗಿಟ್ಟ.